ಕೃತಕ ಉಸಿರಾಟದಲ್ಲಿರುವವರಿಗೆ ನ್ಯುಮೋನಿಯ: ಮುನ್ನಂದಾಜಿನ ಲೆಕ್ಕ

ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯಲ್ಲಿ ಹುಮನಾಬಾದನ್ನು ಹಾದುಹೋಗುತ್ತದೆ. ಬಸವಕಲ್ಯಾಣ ಈ ಹೆದ್ದಾರಿಯಿಂದ ತುಸು ಒಳಕ್ಕಿದೆ. ಈ ತಾಲೂಕುಗಳಲ್ಲಿ ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ತೊಗರಿಗೋ ಕಬ್ಬಿಗೋ ತಂದಿಟ್ಟ ಕೀಟನಾಶಕ ಸೇವಿಸಿದವರು, ರಾತ್ರಿ ಮಲಗಿದ್ದಾಗ ಕಟ್ಟುಹಾವು ಕಚ್ಚಿದವರು ಉಸಿರಾಡಲಾಗದ ಸ್ಥಿತಿ ತಲುಪಿದರೆ ಗಂಟಲಿನಲ್ಲಿ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸಬೇಕಾಗುತ್ತದೆ. ಅನೇಕರ ಪ್ರಯಾಣ ಅಲ್ಲಿಂದ ಮುಂದೆ ಬೀದರಿಗೋ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಸಾಗುತ್ತದೆ.

ಆ ಕೊಳವೆ ಜೀವ ಉಳಿಸುತ್ತದೆ, ನಿಜ. ಆದರೆ ರೋಗಾಣುಗಳಿಗೆ ದಾರಿ ಮಾಡಿಕೊಡುವುದೂ ಅದೇ. ವಿಷಕ್ಕೆ ಮದ್ದು ಸಿಕ್ಕಿ, ಸ್ನಾಯುಗಳು ಚೇತರಿಸಿಕೊಳ್ಳುತ್ತಿರುವ ಹೊತ್ತಿಗೆ, ಐದನೆಯ ದಿನವೋ ಏಳನೆಯ ದಿನವೋ ಜ್ವರ ಏರುತ್ತದೆ, ಕಫ ಕೀವಿನಂತಾಗುತ್ತದೆ, ಎಕ್ಸ್-ರೇಯಲ್ಲಿ ಹೊಸ ಮಸುಕು ಕಾಣುತ್ತದೆ. ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ನಂತರ ಕಾಣಿಸಿಕೊಳ್ಳುವ, ಬರುವಾಗ ಇರದಿದ್ದ ನ್ಯುಮೋನಿಯವನ್ನು ಆಸ್ಪತ್ರೆಜನ್ಯ ನ್ಯುಮೋನಿಯ ಎನ್ನುತ್ತಾರೆ. ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ಬಂದರೆ ಅದು ವೆಂಟಿಲೇಟರ್ ಸಂಬಂಧಿ ನ್ಯುಮೋನಿಯ. ಇದು ಯಾರಿಗೆ ಬರಬಹುದೆಂದು ಮೊದಲೇ ಹೇಳಲು ಸಾಧ್ಯವೇ? ವೈದ್ಯರ ಈ ಪ್ರಶ್ನೆಯಲ್ಲಿ ಭೌತವಿಜ್ಞಾನದ ಮೇಷ್ಟ್ರಿಗೇನು ಕೆಲಸ ಎಂದು ನೀವು ಕೇಳಬಹುದು. ಉತ್ತರಕ್ಕೆ ಬಳಸುವ ಸಾಧನಗಳಲ್ಲಿ ಕೆಲವು ನಮ್ಮ ಅಂಗಳದವೇ.

ಮೊದಲು ಕೊಳವೆಯನ್ನೇ ನೋಡೋಣ. ಶ್ವಾಸನಾಳದೊಳಗೆ ಅದರ ತುದಿಯ ಸುತ್ತ ಒಂದು ಪುಟ್ಟ ಗಾಳಿಬುಗ್ಗೆ ಇರುತ್ತದೆ. ಅದನ್ನು ಉಬ್ಬಿಸಿದಾಗ ಯಂತ್ರ ತಳ್ಳಿದ ಗಾಳಿ ಹಿಂದಕ್ಕೆ ಸೋರದು. ಬುಗ್ಗೆಯ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಕಂಬದಷ್ಟಿರಬೇಕು, ಅಂದರೆ ಸುಮಾರು 2ರಿಂದ 3 ಕಿಲೋಪಾಸ್ಕಲ್. ಹೆಚ್ಚಾದರೆ ಶ್ವಾಸನಾಳದ ಗೋಡೆಯ ಲೋಮನಾಳಗಳು ಅದುಮಿಹೋಗಿ ಗಾಯವಾಗುತ್ತದೆ. ಕಡಿಮೆಯಾದರೆ ಬುಗ್ಗೆಯ ಮೇಲೆ ನಿಂತ ಜೊಲ್ಲು, ಜಠರದಿಂದ ಮೇಲೆ ಬಂದ ದ್ರವ ಕೆಳಗಿಳಿಯುತ್ತವೆ. ಒತ್ತಡ ಸರಿಯಿದ್ದಾಗಲೂ ಬುಗ್ಗೆಯ ಮಡಿಕೆಗಳ ಸಂದಿಯಲ್ಲಿ ಹನಿಹನಿಯಾಗಿ ಜಿನುಗುವುದುಂಟು. ಎಚ್ಚರವಿರುವ ನಮಗೆ ಕೆಮ್ಮು ಇದೆ, ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳಿವೆ. ಅಮಲಿನ ಮದ್ದಿನಲ್ಲಿ ಮಲಗಿದವರಲ್ಲಿ ಈ ಎರಡು ಕಾವಲೂ ದುರ್ಬಲ. ಕೊಳವೆಯ ಒಳಮೈಯಲ್ಲಿ ಬ್ಯಾಕ್ಟೀರಿಯಗಳು ಲೋಳೆಪೊರೆ ಕಟ್ಟಿಕೊಂಡು ನೆಲೆಯೂರುತ್ತವೆ. ನಮ್ಮ ದೇಶದ ತೀವ್ರ ನಿಗಾ ಘಟಕಗಳಲ್ಲಿ ಅಸಿನೆಟೊಬ್ಯಾಕ್ಟರ್, ಸ್ಯೂಡೊಮೋನಾಸ್, ಕ್ಲೆಬ್ಸಿಯೆಲ್ಲಗಳ ಕಾಟ ಹೆಚ್ಚು. ಇವು ಬಹುತೇಕ ಪ್ರತಿಜೈವಿಕಗಳಿಗೆ ಬಗ್ಗದಂಥವು.

ದಿನಕ್ಕೆಷ್ಟು ಅಪಾಯ?

ಕೆನಡಾದ ಡೆಬೊರಾ ಕುಕ್ ಮತ್ತು ಸಂಗಡಿಗರು 16 ತೀವ್ರ ನಿಗಾ ಘಟಕಗಳ 1014 ರೋಗಿಗಳನ್ನು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಒಂದು ಮೈಲಿಗಲ್ಲು. 177 ಜನರಿಗೆ ವೆಂಟಿಲೇಟರ್ ಸಂಬಂಧಿ ನ್ಯುಮೋನಿಯ ಬಂದಿತ್ತು. ಅವರು ಕಂಡಂತೆ ಮೊದಲ ಐದು ದಿನಗಳಲ್ಲಿ ಅಪಾಯ ದಿನಕ್ಕೆ ಸುಮಾರು ಶೇ. 3, ಆರರಿಂದ ಹತ್ತನೆಯ ದಿನದವರೆಗೆ ಶೇ. 2, ಆಮೇಲೆ ಶೇ. 1.

ಇದನ್ನು ನೋಡಿದ ಕೂಡಲೇ ಪಿಯುಸಿ ವಿದ್ಯಾರ್ಥಿಗೆ ವಿಕಿರಣಶೀಲತೆಯ ಕ್ಷಯ ನಿಯತಾಂಕ ನೆನಪಾಗಬೇಕು. ಒಂದು ಪರಮಾಣು ಮುಂದಿನ ಸೆಕೆಂಡಿನಲ್ಲಿ ಕ್ಷಯಿಸುವ ಸಂಭಾವ್ಯತೆಯಂತೆಯೇ ಇದೂ. ಹತ್ತು ದಿನಗಳ ಒಟ್ಟು ಅಪಾಯ ತಿಳಿಯಲು 15 ಮತ್ತು 10ನ್ನು ಕೂಡಿ ಶೇ. 25 ಎಂದರೆ ತಪ್ಪಾಗುತ್ತದೆ. ಪಾರಾಗುವ ಸಂಭಾವ್ಯತೆಗಳನ್ನು ಗುಣಿಸಬೇಕು. 0.97ನ್ನು ಐದು ಬಾರಿ, 0.98ನ್ನು ಐದು ಬಾರಿ ಗುಣಿಸಿದರೆ ಸುಮಾರು 0.776 ಬರುತ್ತದೆ. ಅಂದರೆ ಹತ್ತು ದಿನವೂ ವೆಂಟಿಲೇಟರಿನಲ್ಲೇ ಇರಬೇಕಾದವರಲ್ಲಿ ಒಟ್ಟು ಅಪಾಯ ಶೇ. 22ರ ಆಸುಪಾಸು. ಆದರೆ ರೇಡಿಯಂ ಪರಮಾಣುವಿಗೆ ವಯಸ್ಸಾಗುವುದಿಲ್ಲ, ಅದರ ನಿಯತಾಂಕ ಬದಲಾಗದು. ಇಲ್ಲಿ ದೈನಿಕ ಅಪಾಯ ಇಳಿಯುತ್ತಾ ಹೋಗುತ್ತದೆ. ಇದಕ್ಕೊಂದು ಕಾರಣ, ಪರಮಾಣುಗಳಂತೆ ರೋಗಿಗಳೆಲ್ಲ ಒಂದೇ ತೆರನಲ್ಲ ಎಂಬುದು. ಸುಲಭವಾಗಿ ಸೋಂಕಿಗೆ ತುತ್ತಾಗುವವರು ಮೊದಲ ದಿನಗಳಲ್ಲೇ ತುತ್ತಾಗಿರುತ್ತಾರೆ. ಉಳಿದ ಗುಂಪು ಬೇರೆಯೇ ಆಗಿರುತ್ತದೆ.

ಹಾಗಾದರೆ ಯಾರು ಸುಲಭದ ತುತ್ತು? ಸುಟ್ಟಗಾಯ, ಅಪಘಾತ, ಮಿದುಳಿನ ಕಾಯಿಲೆ, ಮೊದಲೇ ಇದ್ದ ಶ್ವಾಸಕೋಶ ಅಥವಾ ಹೃದಯದ ತೊಂದರೆ, ವಾಂತಿ ಶ್ವಾಸನಾಳಕ್ಕೆ ಇಳಿದದ್ದು, ಸ್ನಾಯುಗಳನ್ನು ಸಡಿಲಿಸುವ ಮದ್ದು, ಇವೆಲ್ಲ ಕುಕ್ ತಂಡದ ಪಟ್ಟಿಯಲ್ಲಿವೆ. ಕೊಳವೆ ತೆಗೆದು ಮತ್ತೆ ಹಾಕಬೇಕಾಗಿ ಬಂದದ್ದೂ ಅಪಾಯಕಾರಿ ಎಂದು ಇತರರು ಕಂಡಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದಿಂದ 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪರೀಕ್ಷೆಗಳಿಗಾಗಿ ಘಟಕದಿಂದ ಹೊರಗೆ ಸಾಗಿಸಿದ ರೋಗಿಗಳಲ್ಲಿ ನ್ಯುಮೋನಿಯ ಬಹಳ ಹೆಚ್ಚಾಗಿ ಕಂಡಿತ್ತು. ಅದು ಆಸ್ಪತ್ರೆಯೊಳಗಿನ ಸಾಗಣೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಾಗುವ ನಮ್ಮ ರೋಗಿಗಳ ವಿಷಯದಲ್ಲಿ ಈ ಸಂಗತಿಯನ್ನು ಕಡೆಗಣಿಸುವಂತಿಲ್ಲ. ಇಲ್ಲೊಂದು ಎಚ್ಚರಿಕೆಯೂ ಬೇಕು. ಹೆಚ್ಚು ಕಾಯಿಲೆಯವರನ್ನೇ ಹೆಚ್ಚಾಗಿ ಸಾಗಿಸುವುದು ರೂಢಿ, ಆದ್ದರಿಂದ ಸಾಗಣೆಯೇ ಕಾರಣವೆಂದು ತೀರ್ಮಾನಿಸಲಾಗದು. ಮುನ್ನಂದಾಜಿಗೆ ಕಾರಣವೇ ಬೇಕೆಂದಿಲ್ಲ, ಸುಳಿವು ಸಾಕು. ತಡೆಗಟ್ಟಲು ಮಾತ್ರ ಕಾರಣ ಬೇಕು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ರಾಡಾರಿನಿಂದ ಬಂದ ರೇಖೆ

ಇಂಥ ಸುಳಿವುಗಳಿಗೆ ಒಂದೊಂದು ತೂಕ ಕೊಟ್ಟು ಕೂಡಿ, ಮೊತ್ತವನ್ನು ಎಸ್ ಆಕಾರದ ಲಾಜಿಸ್ಟಿಕ್ ರೇಖೆಯ ಮೂಲಕ 0 ಮತ್ತು 1ರ ನಡುವಿನ ಸಂಭಾವ್ಯತೆಯಾಗಿಸುವುದು ಸಾಮಾನ್ಯ ವಿಧಾನ. ಈಚಿನ ಯಂತ್ರಕಲಿಕೆಯ ಮಾದರಿಗಳು ನೂರಾರು ಅಳತೆಗಳನ್ನು ಇನ್ನೂ ಜಟಿಲವಾಗಿ ಬೆಸೆಯುತ್ತವೆ. ಕೊನೆಗೆ ಸಿಗುವುದು ಒಂದು ಸಂಖ್ಯೆಯೇ. ಆ ಸಂಖ್ಯೆ ಎಷ್ಟಾದರೆ ಗಂಟೆ ಬಾರಿಸಬೇಕು?

ಎರಡನೆಯ ಮಹಾಯುದ್ಧದ ರಾಡಾರ್ ನಿರ್ವಾಹಕರದೂ ಇದೇ ಪ್ರಶ್ನೆಯಾಗಿತ್ತು. ಪರದೆಯ ಮೇಲಿನ ಚುಕ್ಕೆ ವಿಮಾನವೋ ಬರಿಯ ಗದ್ದಲವೋ? ಮಿತಿಯನ್ನು ಇಳಿಸಿದರೆ ವಿಮಾನ ತಪ್ಪಿಸಿಕೊಳ್ಳದು, ಆದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ಏರಿಸಿದರೆ ಇದು ತಿರುಗುಮುರುಗು. ಎಲ್ಲ ಮಿತಿಗಳಲ್ಲೂ ನಿಜ ಎಚ್ಚರಿಕೆಯ ಪ್ರಮಾಣವನ್ನು ಸುಳ್ಳು ಎಚ್ಚರಿಕೆಯ ಪ್ರಮಾಣಕ್ಕೆ ಎದುರಾಗಿ ಎಳೆದ ರೇಖೆಯೇ ಆರ್.ಓ.ಸಿ. ರೇಖೆ. 1954ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ಸನ್, ಬರ್ಡ್‌ಸಾಲ್, ಫಾಕ್ಸ್ ಇದರ ಸಿದ್ಧಾಂತವನ್ನು ವಿಸ್ತಾರವಾಗಿ ಬರೆದರು. ವೈದ್ಯವಿಜ್ಞಾನಕ್ಕೆ ಅದು ಎಕ್ಸ್-ರೇ ಚಿತ್ರಗಳನ್ನು ಓದುವವರ ಮೂಲಕ ಬಂತು. ರೇಖೆಯ ಕೆಳಗಿನ ಕ್ಷೇತ್ರಫಲಕ್ಕೆ ಸರಳ ಅರ್ಥವಿದೆ. ನ್ಯುಮೋನಿಯ ಬರಲಿರುವ ಒಬ್ಬರನ್ನೂ ಬಾರದ ಒಬ್ಬರನ್ನೂ ಯದ್ವಾತದ್ವಾ ಆರಿಸಿದರೆ, ಮಾದರಿಯು ಮೊದಲನೆಯವರಿಗೆ ಹೆಚ್ಚು ಅಂಕ ಕೊಡುವ ಸಂಭಾವ್ಯತೆಯೇ ಅದು. 0.5 ಎಂದರೆ ನಾಣ್ಯ ಚಿಮ್ಮಿದಷ್ಟೇ ಬೆಲೆ.

ಈಗೊಂದು ಲೆಕ್ಕ ಮಾಡಿ. ಉದಾಹರಣೆಗೆ, ನ್ಯುಮೋನಿಯ ಬರಲಿರುವ 100ರಲ್ಲಿ 80 ಜನರನ್ನು ಗುರುತಿಸುವ, ಬಾರದ 100ರಲ್ಲಿ 80 ಜನರನ್ನು ಸರಿಯಾಗಿ ಬಿಟ್ಟುಬಿಡುವ ಮಾದರಿ ಇದೆಯೆನ್ನಿ. 100 ರೋಗಿಗಳಲ್ಲಿ 20 ಜನರಿಗೆ ಕಾಯಿಲೆ ಬರುವ ಘಟಕದಲ್ಲಿ ಅದು 16 ನಿಜ, 16 ಸುಳ್ಳು ಎಚ್ಚರಿಕೆ ಕೊಡುತ್ತದೆ. ಕೇವಲ 5 ಜನರಿಗೆ ಬರುವ ಘಟಕದಲ್ಲಿ 4 ನಿಜ, 19 ಸುಳ್ಳು. ಮಾದರಿ ಅದೇ, ಕ್ಷೇತ್ರಫಲವೂ ಅದೇ. ಆದರೆ ಎಚ್ಚರಿಕೆಯ ಮಾತಿಗಿದ್ದ ಬೆಲೆ ಎರಡರಲ್ಲೊಂದರಿಂದ ಸುಮಾರು ಆರರಲ್ಲೊಂದಕ್ಕೆ ಕುಸಿಯಿತು.

ಸುಳ್ಳು ಎಚ್ಚರಿಕೆ ದುಬಾರಿಯೇ? ಗಂಟೆ ಬಾರಿಸಿದ ಮೇಲೆ ಏನು ಮಾಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಎಚ್ಚರಿಕೆ ಕೇಳಿ ಪ್ರಬಲ ಪ್ರತಿಜೈವಿಕ ಆರಂಭಿಸುವುದಾದರೆ ಬಹಳ ದುಬಾರಿ. ಬೇಡದವರಿಗೆ ಕೊಟ್ಟ ಪ್ರತಿಯೊಂದು ಡೋಸೂ ಬಗ್ಗದ ಬ್ಯಾಕ್ಟೀರಿಯಗಳಿಗೆ ಬೆಳೆಯಲು ಹೊಲ ಹದಮಾಡಿ ಕೊಟ್ಟಂತೆ. ಹಾಸಿಗೆಯ ತಲೆಯ ಕಡೆಯನ್ನು ಎತ್ತರಿಸುವುದು, ಹಲ್ಲುಜ್ಜುವುದು, ಬುಗ್ಗೆಯ ಒತ್ತಡ ಅಳೆಯುವುದು, ಅಮಲಿನ ಮದ್ದನ್ನು ಕಡಿಮೆ ಮಾಡಿ ಇಂದು ಕೊಳವೆ ತೆಗೆಯಬಹುದೇ ಎಂದು ನೋಡುವುದು, ಇವೇ ನಿಮ್ಮ ಕ್ರಮಗಳಾದರೆ ಸುಳ್ಳು ಎಚ್ಚರಿಕೆಯಿಂದ ನಷ್ಟವೇನೂ ಇಲ್ಲ. ಇವನ್ನು ಅಂಕ ನೋಡದೆ ಎಲ್ಲರಿಗೂ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಮುನ್ನಂದಾಜಿಗೆ ಬೆಲೆ ಬರುವುದು ಕೈಗಳು ಕಡಿಮೆ ಇರುವಲ್ಲಿ. ರಾತ್ರಿ ಪಾಳಿಯ ಒಬ್ಬರೇ ನರ್ಸ್ ಯಾರ ಮಂಚದ ಬಳಿ ಮೊದಲು ಹೋಗಬೇಕೆಂದು ಅದು ಹೇಳಬಲ್ಲುದಾದರೆ ಅಷ್ಟರ ಮಟ್ಟಿಗೆ ಸಾರ್ಥಕ.

ಹಾಸಿಗೆಯ ಕೋನದ ಕಥೆಯೇ ಸ್ವಾರಸ್ಯವಾಗಿದೆ. ಬಾರ್ಸಿಲೋನದ ತಂಡವೊಂದು 1999ರಲ್ಲಿ ವರದಿ ಮಾಡಿದಂತೆ 45 ಡಿಗ್ರಿ ಒರಗಿಸಿದವರಲ್ಲಿ ನ್ಯುಮೋನಿಯದ ಸಂಶಯ ಶೇ. 8, ಚಪ್ಪಟೆ ಮಲಗಿಸಿದವರಲ್ಲಿ ಶೇ. 34. ಏಕೆಂಬುದನ್ನು ನೀವೇ ಊಹಿಸಬಹುದು. ಜಠರದ ಬಾಯಿಯಿಂದ ಗಂಟಲಿನವರೆಗೆ 40 ಸೆಂ.ಮೀ. ಎಂದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ದ್ರವ 20 ಸೆಂ.ಮೀ. ಮೇಲೇರಬೇಕು. ಆದರೆ 2006ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 45 ಡಿಗ್ರಿಗೆ ಒರಗಿಸಬೇಕೆಂದು ನಿಗದಿಯಾದ ಮಂಚಗಳ ಕೋನವನ್ನು ನಿಜವಾಗಿ ಅಳೆದಾಗ ಸಿಕ್ಕಿದ್ದು ಮೊದಲ ದಿನ ಸರಾಸರಿ 28 ಡಿಗ್ರಿ, ಏಳನೆಯ ದಿನ 22. ರೋಗಿ ಜಾರುತ್ತಾರೆ, ಆರೈಕೆಗೆಂದು ಮಂಚ ಇಳಿಸುತ್ತಾರೆ, ಮತ್ತೆ ಏರಿಸುವುದು ಮರೆತುಹೋಗುತ್ತದೆ. ಕಣ್ಣಂದಾಜಿಗೆ ಬದಲು ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ಒಂದು ಗುಂಡು ಇದ್ದರೆ ಕೋನ ಅಳೆಯುವ ಉಪಕರಣ ಸಿದ್ಧ. ಪ್ರೌಢಶಾಲೆಯ ವಿಜ್ಞಾನ ಕ್ಲಬ್ಬು ಮಾಡಿಕೊಡಬಹುದಾದ ಕೆಲಸವಿದು.

ಬಾಸ್ಟನ್ನಿನ ಅಂಕ, ಬೀದರಿನ ರೋಗಿ

ಯಂತ್ರಕಲಿಕೆಯ ಅನೇಕ ಮಾದರಿಗಳು ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ದಾಖಲೆಗಳಿಂದಾದ ಮಿಮಿಕ್ ಎಂಬ ದತ್ತಾಂಶ ಭಂಡಾರದಲ್ಲಿ ತರಬೇತಾದವು. ಸಂಶೋಧಕರಿಗೆ ಉಚಿತವಾಗಿ ತೆರೆದ ಭಂಡಾರ ಅದು, ಉಪಕಾರ ದೊಡ್ಡದು. ಆದರೆ ಬಾಸ್ಟನ್ನಿನ ಹಾಸಿಗೆಯಲ್ಲಿರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಕೀಟನಾಶಕ ಕುಡಿದ ಇಪ್ಪತ್ತೈದರ ತರುಣನನ್ನಾಗಲಿ, ಕಟ್ಟುಹಾವಿನ ವಿಷದಿಂದ ಸ್ನಾಯು ಸ್ತಬ್ಧವಾದ ಕೂಲಿಕಾರಳನ್ನಾಗಲಿ ಆ ಮಾದರಿಗಳು ಕಂಡಿರುವುದೇ ಅಪರೂಪ. ಲಾಜಿಸ್ಟಿಕ್ ಸೂತ್ರದಲ್ಲಿ ಮೊತ್ತ ಮೈನಸ್ 1 ಆದರೆ ಅಪಾಯ ಶೇ. 27. ಸ್ಥಳೀಯ ಪರಿಸ್ಥಿತಿಯಿಂದ ಆರಂಭದ ಸ್ಥಿರಾಂಕ ಒಂದೂವರೆಯಷ್ಟು ಇಳಿದರೂ ಸಾಕು, ಅದೇ ರೋಗಿಯ ನಿಜ ಅಪಾಯ ಶೇ. 8ಕ್ಕಿಂತ ಕಡಿಮೆ. ಏರಿದರೆ ತಪ್ಪು ಇನ್ನೊಂದು ದಿಕ್ಕಿನಲ್ಲಿ.

ಇದು ಬರಿಯ ಶಂಕೆಯಲ್ಲ. ನ್ಯುಮೋನಿಯಕ್ಕೆ ಹತ್ತಿರದ ಸಮಸ್ಯೆಯಾದ ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿಗಾಗಿ, ಅಮೆರಿಕದ ನೂರಾರು ಆಸ್ಪತ್ರೆಗಳು ಎಪಿಕ್ ಕಂಪನಿಯ ಒಂದು ಮಾದರಿಯನ್ನು ಬಳಸುತ್ತಿದ್ದವು. ತಯಾರಕರು ಹೇಳಿದ ಕ್ಷೇತ್ರಫಲ 0.76ರಿಂದ 0.83. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದ್ದು 0.63, ಮೂರರಲ್ಲಿ ಎರಡು ಪಾಲು ಸೆಪ್ಸಿಸ್ ರೋಗಿಗಳು ಅದರ ಕಣ್ಣು ತಪ್ಪಿಸಿದ್ದರು.

ಹಾಗಿದ್ದರೆ ನಮ್ಮದೇ ಮಾದರಿ ಕಟ್ಟಬಾರದೇಕೆ? ಇಲ್ಲಿ ಎಣಿಕೆಯ ತೊಡಕು ಎದುರಾಗುತ್ತದೆ. ಭಾರತದ ಏಳು ನಗರಗಳ 12 ಘಟಕಗಳಿಂದ 2007ರಲ್ಲಿ ಪ್ರಕಟವಾದ ಅಂಕಿಯಂತೆ 1000 ವೆಂಟಿಲೇಟರ್ ದಿನಗಳಿಗೆ ಸುಮಾರು 10.5 ನ್ಯುಮೋನಿಯ. ಒಬ್ಬ ರೋಗಿ ಒಂದು ದಿನ ಯಂತ್ರದಲ್ಲಿದ್ದರೆ ಅದು ಒಂದು ವೆಂಟಿಲೇಟರ್ ದಿನ. ತಾಲೂಕು ಮಟ್ಟದ ಒಂದು ಪುಟ್ಟ ಘಟಕದಲ್ಲಿ ವರ್ಷಕ್ಕೆ 300 ವೆಂಟಿಲೇಟರ್ ದಿನಗಳಾದವೆಂದು ಊಹಿಸಿ. ನಿರೀಕ್ಷಿಸಬೇಕಾದ ಪ್ರಕರಣಗಳು 3. ಗೈಗರ್ ಎಣಿಕೆಯಲ್ಲಿ ಕಲಿತಂತೆ ಇದರ ಏರಿಳಿತ 3ರ ವರ್ಗಮೂಲ, ಸುಮಾರು 1.7. ಒಂದು ವರ್ಷ 1, ಇನ್ನೊಂದು ವರ್ಷ 5 ಬಂದರೆ ಹೊಗಳಲೂ ತೆಗಳಲೂ ಕಾರಣವಿಲ್ಲ. ಯಾವ ಸುಧಾರಣೆಯೂ ಇಲ್ಲದೆ ಇಡೀ ವರ್ಷ ಸೊನ್ನೆ ಬರುವ ಸಂಭಾವ್ಯತೆಯೂ ಶೇ. 5ರಷ್ಟಿದೆ. ಮಾದರಿಯಲ್ಲಿ ಬಳಸುವ ಪ್ರತಿ ಸುಳಿವಿಗೆ ಕನಿಷ್ಠ ಹತ್ತು ಪ್ರಕರಣ ಬೇಕೆಂಬುದು ಸಂಖ್ಯಾಶಾಸ್ತ್ರಜ್ಞರ ಒರಟು ನಿಯಮ. ಹತ್ತು ಸುಳಿವುಗಳಿಗೆ ನೂರು ಪ್ರಕರಣಗಳಾದವು. ಆ ಘಟಕ ಒಂಟಿಯಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಘಟಕಗಳು ಒಂದೇ ನಮೂನೆಯಲ್ಲಿ ದಾಖಲೆ ಇಟ್ಟು ಕೂಡಿಸಿದರೆ ಆ ಕಾಯುವಿಕೆ ಬಹಳ ಮೊಟಕಾಗುತ್ತದೆ. ಅದಕ್ಕೆ ಗಣಕದ ಜಾಣತನಕ್ಕಿಂತ ಮೊದಲು ಬೇಕಾದದ್ದು ಗೆರೆ ಎಳೆದ ಒಂದು ರಿಜಿಸ್ಟರು: ಕೊಳವೆ ಹಾಕಿದ ದಿನಾಂಕ ಮತ್ತು ಗಂಟೆ, ಎಲ್ಲಿ ಹಾಕಿದರು, ಎಷ್ಟು ದೂರ ಸಾಗಿಸಿದರು, ಯಾವ ಕಾರಣಕ್ಕೆ, ಮಂಚದ ಕೋನ, ಬುಗ್ಗೆಯ ಒತ್ತಡ, ಕೊಳವೆ ತೆಗೆದ ದಿನ, ನ್ಯುಮೋನಿಯ ಬಂದಿದ್ದರೆ ಯಾವ ದಿನ. ಹುಮನಾಬಾದಿನಲ್ಲಿ ಕೊಳವೆ ಹಾಕಿಸಿಕೊಂಡು ಕಲಬುರಗಿಯಲ್ಲಿ ನ್ಯುಮೋನಿಯಕ್ಕೆ ತುತ್ತಾದವರ ಸುದ್ದಿ ಹುಮನಾಬಾದಿಗೆ ಮರಳಿ ಬರುವ ಏರ್ಪಾಡೂ ಅದರಲ್ಲಿರಬೇಕು. ಇಲ್ಲವಾದರೆ ಆ ರೋಗಿಯ ವೆಂಟಿಲೇಟರ್ ದಿನಗಳು ಒಂದು ಊರಿನ ಲೆಕ್ಕದಲ್ಲಿ, ಕಾಯಿಲೆ ಇನ್ನೊಂದು ಊರಿನ ಲೆಕ್ಕದಲ್ಲಿ ಉಳಿದುಬಿಡುತ್ತವೆ.