ಮುಖದ ಲೇಪವೂ ಚರ್ಮದ ಗುಣವೂ

ಹುನಗುಂದ, ಇಳಕಲ್ಲ, ಕಮತಗಿಗಳ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಯೆಂದರೆ ನಾಟಕ ಇರಲೇಬೇಕು. ಮರೋಳದಂತಹ ಊರಿನಲ್ಲಿ ಹಗಲೆಲ್ಲ ಎರೆಹೊಲದ ಬಿಸಿಲಿನಲ್ಲಿ ದುಡಿದ ತರುಣನು ರಾತ್ರಿ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಾನೆ. ದೀಪದ ಬೆಳಕು ಬಿದ್ದೊಡನೆ ನಮಗೆ ಕಾಣುವುದೇನು? ಮುಖವೇ ಬೇರೆ, ಕೊರಳೇ ಬೇರೆ! ಮುಖವು ಬೂದಿ ಬಳಿದಂತಿದ್ದರೆ ಕಿವಿ, ಕೈಗಳು ಅವನ ಸ್ವಂತ ಬಣ್ಣದವು. ಜನ ನಗುತ್ತಾರೆ. ತಪ್ಪು ಅವನ ಮೈಬಣ್ಣದ್ದಲ್ಲ, ಲೇಪವನ್ನು ಆರಿಸಿದವರದು.

ಹಿಂದೆ ಯಕ್ಷಗಾನ ಬಯಲಾಟಗಳ ವೇಷಧಾರಿಗಳು ಅರದಾಳ, ಇಂಗಳೀಕ, ಸಫೇದಗಳನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳುತ್ತಿದ್ದರು. ಅರದಾಳವು ಆರ್ಸೆನಿಕ್ಕಿನ ಸಲ್ಫೈಡು, ಇಂಗಳೀಕವು ಪಾದರಸದ ಸಲ್ಫೈಡು. ಎರಡೂ ಮುಖಕ್ಕೆ ತಕ್ಕವಲ್ಲ. ಈಗ ಫೌಂಡೇಶನ್ ಎಂಬ ಹೆಸರಿನಿಂದ ದೊರೆಯುವ ಲೇಪದಲ್ಲಿ ಬಿಳುಪಿಗೆ ಟೈಟೇನಿಯಂ ಡೈಆಕ್ಸೈಡು, ಹಳದಿ, ಕೆಂಪು, ಕಪ್ಪುಗಳಿಗೆ ಕಬ್ಬಿಣದ ಆಕ್ಸೈಡುಗಳು ಇರುತ್ತವೆ. ಕೆಮ್ಮಣ್ಣಿಗೆ ಕೆಂಪು ಬಂದಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಟೈಟೇನಿಯಂ ಡೈಆಕ್ಸೈಡಿನ ಕಣಗಳು ಬೆಳಕನ್ನು ಬಲವಾಗಿ ಚದುರಿಸುವುದರಿಂದ, ಕಂದು ಚರ್ಮದ ಮೇಲೆ ಅವು ಹೆಚ್ಚಾದರೆ ಮುಖವು ಬೆಳ್ಳಗಾಗದೆ ಬೂದಿಯಾಗುತ್ತದೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಇದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ಭೇದವಿರುವುದು ತಯಾರಾಗುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಯಲ್ಲಿ. ಅದು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ನಮ್ಮನ್ನು ಕಾಯುತ್ತದೆ. ಹುನಗುಂದದ ಬೇಸಿಗೆಯಲ್ಲಿ ಇದೇನು ಸಣ್ಣ ಉಪಕಾರವೇ? ಇದನ್ನು ಮರೆತು ಬೆಳ್ಳಗಾಗುವ ಲೇಪಗಳ ಬೆನ್ನು ಹತ್ತುವವರುಂಟು. ಕೆಲವು ಕಳ್ಳ ಲೇಪಗಳಲ್ಲಿ ಪಾದರಸದ ಲವಣ ಸೇರಿರುತ್ತದೆ. ಅದು ಮೆಲನಿನ್ ತಯಾರಿಕೆಯನ್ನು ತಡೆಯುವುದಲ್ಲದೆ ಒಳಸೇರಿ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ತಯಾರಕರ ಹೆಸರೂ ವಿವರವೂ ಇಲ್ಲದ ಡಬ್ಬಿಯನ್ನು ನಾವು ಮುಟ್ಟದಿರುವುದೇ ಲೇಸು.

ಇನ್ನು ಚರ್ಮದ ಗುಣ. ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಕಾದು ಕನ್ನಡಿ ನೋಡೋಣ. ಮುಖವೆಲ್ಲ ಮಿರುಗಿದರೆ ಮೇದೋಗ್ರಂಥಿಗಳು ಚುರುಕಾಗಿವೆ, ಅದು ಜಿಡ್ಡು ಚರ್ಮ. ಅದಕ್ಕೆ ಎಣ್ಣೆಯಿಲ್ಲದ ತೆಳು ಲೇಪವೋ ಪುಡಿಯೋ ಒಗ್ಗುತ್ತದೆ. ಬಿಗಿದು ಸಿಬರೆದ್ದರೆ ಒಣಚರ್ಮ. ಅದರ ಮೇಲೆ ಪುಡಿ ಹಾಕಿದರೆ ಸಿಬರುಗಳೆಲ್ಲ ಎದ್ದು ಕಾಣುವುದರಿಂದ ಸ್ನಿಗ್ಧ ಕ್ರೀಮೇ ಬೇಕು. ಹಣೆ, ಮೂಗು, ಗದ್ದಗಳು ಮಾತ್ರ ಮಿರುಗುವ ಮಿಶ್ರಚರ್ಮವೂ ಉಂಟು. ಈ ಗುಣ ಸ್ಥಿರವಲ್ಲ. ಬೇಸಿಗೆಯಲ್ಲಿ ಜಿಡ್ಡಾದುದು ಚಳಿಗಾಲದ ಒಣಗಾಳಿಗೆ ಒಣಗಬಹುದು.

ಬಣ್ಣವನ್ನು ಮುಂಗೈಯ ಮೇಲೆ ಪರೀಕ್ಷಿಸುವುದು ವ್ಯರ್ಥ, ಮುಖಕ್ಕೂ ಅದಕ್ಕೂ ಬಣ್ಣ ಒಂದೇ ಅಲ್ಲ. ಕೆಳದವಡೆಯಿಂದ ಕೊರಳಿನವರೆಗೆ ಎರಡು ಮೂರು ಗೀಟು ಎಳೆದು, ಆರಿದ ಬಳಿಕ ಹಗಲು ಬೆಳಕಿನಲ್ಲಿ ನೋಡಬೇಕು. ಯಾವ ಗೀಟು ಕಣ್ಣಿಗೆ ಕಾಣದಾಗುವುದೋ ಅದೇ ನಮ್ಮದು. ಅಂಗಡಿಯ ದೀಪವನ್ನು ನಂಬಲಾಗದು. ತುರಿಕೆ, ಗಂದೆಗಳ ಭಯವಿದ್ದರೆ ಮೊದಲು ಮೊಳಕೈಯ ಒಳಮಡಿಕೆಗೆ ಕೆಲವು ದಿನ ಹಚ್ಚಿ ನೋಡಬೇಕು. ಸರಿಹೊಂದುವ ಬಣ್ಣ ದೊರೆಯದಿದ್ದರೆ ನಸುಬಣ್ಣದ್ದನ್ನೂ ಗಾಢಬಣ್ಣದ್ದನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳಬಹುದು. ರಂಗಕ್ಕೆ ಹೋಗುವಾಗ ಕಿವಿಗೂ ಕೊರಳಿಗೂ ಅದನ್ನೇ ತೆಳುವಾಗಿ ಸವರಬೇಕು.