ಹಳೆಯ ಜೀಪಿಗೆ ಗುಜರಿ ಆಕ್ಸಲ್ ಜೋಡಿಸುವ ಮುನ್ನ: ಗುರುತಿಸುವ ವಿಧಾನ ಹಾಗೂ ಅನ್ವಯವಾಗುವ ನಿಯಮಗಳು

ಪೀಠಿಕೆ

ಹಳೆಯ ಜೀಪುಗಳನ್ನು ದುರಸ್ತಿಗೊಳಿಸಿ ಪುನಃ ರಸ್ತೆಗೆ ತರುವ ಆಸಕ್ತಿ ರಾಜ್ಯದಲ್ಲಿ ಬಹಳ ಹಿಂದಿನಿಂದಲೂ ಇದೆ. ಕೊಡಗು, ಚಿಕ್ಕಮಗಳೂರು ಮುಂತಾದ ಜಿಲ್ಲೆಗಳ ತೋಟಗಳಲ್ಲಿ ಇಂತಹ ವಾಹನಗಳು ಇಂದಿಗೂ ಬಳಕೆಯಲ್ಲಿವೆ. ಇವುಗಳಿಗೆ ಹೊಸ ಬಿಡಿಭಾಗಗಳು ಸುಲಭವಾಗಿ ದೊರೆಯದ ಕಾರಣ, ಮಾಲೀಕರು ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ ಹಾಗೂ ಇತರ ಊರುಗಳ ಗುಜರಿ ಅಂಗಡಿಗಳಿಂದ ಹಿಂದಿನ ಆಕ್ಸಲ್‌ನಂತಹ ಭಾಗಗಳನ್ನು ಖರೀದಿಸುವುದು ವಾಡಿಕೆ.

ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ಬೇರೆ ವಾಹನಗಳ ಎಂಜಿನ್ ಹಾಗೂ ಆಕ್ಸಲ್ ಜೋಡಿಸಿ 'ಹಾಟ್ ರಾಡ್' ಎಂಬ ವಾಹನಗಳನ್ನು ಸಿದ್ಧಪಡಿಸುವ ಹವ್ಯಾಸವಿದೆ. ಅಲ್ಲಿ ಗುಜರಿ ಆಕ್ಸಲ್ ಗುರುತಿಸುವ ಉದ್ದೇಶವು ಹೆಚ್ಚು ಶಕ್ತಿ ತಾಳಬಲ್ಲ ಬೇರೊಂದು ಆಕ್ಸಲ್ ಆಯ್ಕೆ ಮಾಡುವುದಾಗಿರುತ್ತದೆ. ಭಾರತದಲ್ಲಿ ಉದ್ದೇಶ ಇದಕ್ಕೆ ವ್ಯತಿರಿಕ್ತವಾಗಿರಬೇಕು. ಖರೀದಿಸುತ್ತಿರುವ ಆಕ್ಸಲ್ ವಾಹನದ ಮೂಲ ಆಕ್ಸಲ್‌ನ ಮಾದರಿಯದೇ ಎಂಬುದನ್ನು ದೃಢಪಡಿಸಿಕೊಳ್ಳುವುದೇ ಇಲ್ಲಿ ಮುಖ್ಯ. ಅದೇ ಮಾದರಿಯ ಭಾಗವನ್ನು ಅಳವಡಿಸಿದಲ್ಲಿ ಅದು ದುರಸ್ತಿ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ಭಾಗವನ್ನು ಅಳವಡಿಸಿದಲ್ಲಿ ಅದು ಮಾರ್ಪಾಡು. ಈ ವ್ಯತ್ಯಾಸವನ್ನು ಅರಿಯದೆ ಹಣ ವ್ಯಯಿಸಿದವರು ನೋಂದಣಿ ನವೀಕರಣದ ತಪಾಸಣೆಯ ಸಂದರ್ಭದಲ್ಲಿ ತೊಂದರೆಗೆ ಒಳಗಾಗುವ ಸಾಧ್ಯತೆ ಇರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಗುಜರಿಯಲ್ಲಿ ದೊರೆಯುವ ಜೀಪ್ ಆಕ್ಸಲ್‌ಗಳು

ಎರಡನೆಯ ಮಹಾಯುದ್ಧದ ನಂತರ ಸೇನೆಯ ವಿಲ್ಲಿಸ್ ಎಂ.ಬಿ. ಹಾಗೂ ಫೋರ್ಡ್ ಜಿ.ಪಿ.ಡಬ್ಲ್ಯು. ಜೀಪುಗಳು ವಿಲೇವಾರಿಯ ಮೂಲಕ ನಾಗರಿಕರ ಕೈ ಸೇರಿದವು. 1947ರಿಂದ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು, ಮುಂದೆ ಸಿ.ಜೆ.-3ಬಿ ಮಾದರಿಯು ದೇಶದಾದ್ಯಂತ ಬಳಕೆಗೆ ಬಂದಿತು. ಆದ್ದರಿಂದ ಸೇನಾ ಜೀಪಿನ ಆಕ್ಸಲ್ ಹಾಗೂ ನಾಗರಿಕ ಜೀಪಿನ ಆಕ್ಸಲ್ ಎರಡೂ ಗುಜರಿಯಲ್ಲಿ ಕಂಡುಬರುತ್ತವೆ. ಹೊರನೋಟಕ್ಕೆ ಇವು ಒಂದೇ ರೀತಿ ಕಂಡರೂ ಒಳಗಿನ ಹಲ್ಲುಚಕ್ರಗಳ ಅನುಪಾತ ಬೇರೆಯಾಗಿರುತ್ತದೆ.

ಗುರುತಿಸುವ ವಿಧಾನ

1. ಡಿಫರೆನ್ಷಿಯಲ್ ಇರುವ ಸ್ಥಾನ: ಈ ಜೀಪುಗಳ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್‌ನ ಗುಂಡು ಭಾಗವು ನಡುವೆ ಇರದೆ ಬಲಬದಿಗೆ ಸರಿದಿರುತ್ತದೆ. ಟ್ರಾನ್ಸ್‌ಫರ್ ಕೇಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಬಲಬದಿಯಲ್ಲಿರುವುದೇ ಇದಕ್ಕೆ ಕಾರಣ. ಗುಂಡು ಭಾಗವು ನಟ್ಟನಡುವೆ ಇದ್ದಲ್ಲಿ ಅದು ಬೇರೆ ವಾಹನದ ಅಥವಾ ಬೇರೆ ಮಾದರಿಯ ಆಕ್ಸಲ್ ಎಂದು ತಿಳಿಯಬೇಕು.

2. ಚಕ್ರದ ಬೋಲ್ಟುಗಳು: 5 ಬೋಲ್ಟುಗಳಿದ್ದು, ಅವುಗಳ ವೃತ್ತದ ವ್ಯಾಸ 5.5 ಇಂಚು, ಅಂದರೆ 139.7 ಮಿ.ಮೀ. ಇರತಕ್ಕದ್ದು. ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದಾಗ ಬಿಗಿಯಾಗುತ್ತವೆ. ಇದನ್ನು ಅರಿಯದೆ ಬಲವಂತದಿಂದ ಬಿಚ್ಚಲು ಹೋದಲ್ಲಿ ಬೋಲ್ಟು ಮುರಿಯುತ್ತದೆ.

3. ಡ್ರಮ್‌ನ ನಡುಭಾಗ: ಸೇನಾ ಜೀಪಿನ ಆಕ್ಸಲ್ ಫುಲ್ ಫ್ಲೋಟಿಂಗ್ ಮಾದರಿಯದು. ಇದರಲ್ಲಿ ಹಬ್‌ನ ನಡುವೆ ಸಣ್ಣ ಬೋಲ್ಟುಗಳ ವೃತ್ತ ಕಾಣುತ್ತದೆ. ವಾಹನದ ಭಾರವನ್ನು ಹೌಸಿಂಗ್ ಹೊರುತ್ತದೆ. ಸಿ.ಜೆ.-3ಬಿ ಜೀಪಿನದು ಸೆಮಿ ಫ್ಲೋಟಿಂಗ್ ಮಾದರಿ. ಇದರಲ್ಲಿ ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್ ಇರುತ್ತದೆ. ಭಾರವನ್ನು ಶಾಫ್ಟ್ ಕೂಡ ಹೊರುತ್ತದೆ. ಆದರೆ ಮೊದಮೊದಲು ತಯಾರಾದ ನಾಗರಿಕ ಜೀಪುಗಳಲ್ಲಿಯೂ ಫುಲ್ ಫ್ಲೋಟಿಂಗ್ ಆಕ್ಸಲ್ ಇದ್ದುದರಿಂದ ಈ ಒಂದು ಗುರುತನ್ನೇ ನಂಬಬಾರದು.

4. ಅನುಪಾತ: ಇದು ಅತ್ಯಂತ ಮುಖ್ಯವಾದ ಪರೀಕ್ಷೆ. ಬಿಡಿಯಾಗಿರುವ ಆಕ್ಸಲ್‌ನ ಒಂದು ಬದಿಯ ಡ್ರಮ್ ತಿರುಗದಂತೆ ಹಿಡಿದು, ಇನ್ನೊಂದು ಬದಿಯ ಡ್ರಮ್ಮನ್ನು ಸರಿಯಾಗಿ 2 ಸುತ್ತು ತಿರುಗಿಸಬೇಕು. ಆಗ ಪಿನಿಯನ್ ಎಷ್ಟು ಸುತ್ತು ತಿರುಗುತ್ತದೆಯೋ ಅದೇ ಅನುಪಾತ. 5 ಸುತ್ತಿಗಿಂತ ತುಸು ಕಡಿಮೆ ಬಂದಲ್ಲಿ ಅದು 4.88, 5 ಸುತ್ತು ಪೂರ್ಣಗೊಂಡು ಮತ್ತೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತಿರುಗಿದಲ್ಲಿ ಅದು 5.38. ಸಂದೇಹವಿದ್ದಲ್ಲಿ ಹಿಂದಿನ ಮುಚ್ಚಳ ತೆಗೆಸಿ ಹಲ್ಲುಗಳನ್ನು ಎಣಿಸಬೇಕು. ಕ್ರೌನ್ ವೀಲ್‌ನಲ್ಲಿ 39 ಹಾಗೂ ಪಿನಿಯನ್‌ನಲ್ಲಿ 8 ಹಲ್ಲುಗಳಿದ್ದಲ್ಲಿ 4.88, 43 ಹಾಗೂ 8 ಇದ್ದಲ್ಲಿ 5.38. ಸೇನಾ ಜೀಪಿನದು ಮೊದಲನೆಯದು, ಸಿ.ಜೆ.-3ಬಿ ಜೀಪಿನದು ಎರಡನೆಯದು.

5. ಅಳತೆಗಳು: ಎರಡೂ ಡ್ರಮ್‌ಗಳ ಹೊರಮೈ ನಡುವಿನ ಅಂತರ, ಲೀಫ್ ಸ್ಪ್ರಿಂಗ್ ಕೂರುವ ಎರಡು ಪೀಠಗಳ ನಡುವಿನ ಅಂತರ ಹಾಗೂ ಡ್ರಮ್‌ನಿಂದ ಪಿನಿಯನ್‌ಗೆ ಇರುವ ಅಂತರವನ್ನು ವಾಹನದ ಮೂಲ ಆಕ್ಸಲ್‌ನಲ್ಲಿ ಅಳೆದು ಬರೆದುಕೊಂಡು ಹೋಗಬೇಕು. ಅಂಗಡಿಯವರ ಮಾತಿಗಿಂತ ಅಳತೆ ಪಟ್ಟಿಯನ್ನು ನಂಬುವುದು ಉತ್ತಮ.

ಅನುಪಾತ ಬೇರೆಯಾದಲ್ಲಿ ಉಂಟಾಗುವ ಅಪಾಯ

ಈ ಜೀಪುಗಳಲ್ಲಿ ನಾಲ್ಕು ಚಕ್ರಗಳ ಚಾಲನೆ ಹಾಕಿದಾಗ ಮುಂದಿನ ಹಾಗೂ ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ 5.38, ಹಿಂದೆ 4.88 ಇದ್ದಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಯತ್ನಿಸಿ ಒಂದನ್ನೊಂದು ಎಳೆದಾಡುತ್ತವೆ. ಗಟ್ಟಿ ರಸ್ತೆಯಲ್ಲಿ ಟೈರುಗಳು ಸವೆದು, ಶಾಫ್ಟ್ ಅಥವಾ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಆದ್ದರಿಂದ ಮುಂದಿನ ಆಕ್ಸಲ್‌ನ ಅನುಪಾತವನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಎರಡನೆಯದಾಗಿ, ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ ಬರುತ್ತದೆ. 5.38 ಇದ್ದಲ್ಲಿ 4.88 ಅಳವಡಿಸಿದರೆ ಮೀಟರ್ 50 ಕಿ.ಮೀ. ತೋರಿಸುವಾಗ ವಾಹನವು ವಾಸ್ತವದಲ್ಲಿ ಸುಮಾರು 55 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ. ಚಾಲಕರಿಗೆ ಇದು ತಿಳಿಯುವುದೇ ಇಲ್ಲ.

ಖರೀದಿಸುವ ಮುನ್ನ ಪರಿಶೀಲಿಸಬೇಕಾದ ದೋಷಗಳು

* ಹೌಸಿಂಗ್ ಕೊಳವೆಯಲ್ಲಿ ಬಿರುಕು, ಬಾಗುವಿಕೆ ಅಥವಾ ಬೆಸುಗೆಯ ಗುರುತು ಇದ್ದಲ್ಲಿ ಅಂತಹ ಆಕ್ಸಲ್ ತಿರಸ್ಕರಿಸುವುದು.
* ಒಳಗಿನ ಆಯಿಲ್‌ನಲ್ಲಿ ಲೋಹದ ಚೂರುಗಳಿವೆಯೇ, ಹಲ್ಲುಗಳು ಮುರಿದಿವೆಯೇ ಎಂದು ನೋಡುವುದು.
* ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಶಾಫ್ಟ್‌ನ ಓರೆ ತುದಿ ಹಾಗೂ ಕೀ ಕೂರುವ ಗಾಡಿ ಸವೆದಿದೆಯೇ ಎಂದು ನೋಡುವುದು. ಈ ಮಾದರಿಯಲ್ಲಿ ಶಾಫ್ಟ್ ಮುರಿದರೆ ಚಕ್ರವೇ ಕಳಚಿಹೋಗಬಹುದು.
* ಬ್ರೇಕ್ ಡ್ರಮ್‌ಗಳ ಅಳತೆ ಮೂಲ ಡ್ರಮ್‌ನ ಅಳತೆಗೆ ಸಮನಾಗಿದೆಯೇ ಎಂದು ನೋಡುವುದು.

ಅನ್ವಯವಾಗುವ ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ರಚನೆಯಲ್ಲಿ ಬದಲಾವಣೆ ಮಾಡಿ, ಅದರಿಂದ ಮೂಲ ಲಕ್ಷಣವೇ ಬದಲಾಗುವುದನ್ನು 'ಮಾರ್ಪಾಡು' ಎಂದು ಅದೇ ಕಲಂ ವಿವರಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ.

ನೋಂದಣಿ ಪತ್ರದಲ್ಲಿ ವೀಲ್‌ಬೇಸ್ ಹಾಗೂ ಖಾಲಿ ವಾಹನದ ತೂಕ ನಮೂದಾಗಿರುತ್ತವೆ. ಸಾರಿಗೆ ವಾಹನವಾದಲ್ಲಿ ಟೈರಿನ ಅಳತೆ ಹಾಗೂ ಪ್ರತಿ ಆಕ್ಸಲ್‌ನ ನೋಂದಾಯಿತ ತೂಕವೂ ಇರುತ್ತದೆ. ಬೇರೆ ವಾಹನದ ಆಕ್ಸಲ್ ಅಳವಡಿಸಿದಾಗ ಈ ವಿವರಗಳು ಬದಲಾಗುವ ಸಂಭವವಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ (4)ರಡಿ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಾಹನವು ಸಾರ್ವಜನಿಕರಿಗೆ ಅಪಾಯಕಾರಿ ಸ್ಥಿತಿಯಲ್ಲಿದ್ದಲ್ಲಿ ಕಲಂ 53ರಡಿ ನೋಂದಣಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ.

ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನವನ್ನು, 2021ರಲ್ಲಿ ಜಾರಿಗೆ ಬಂದ ನಿಯಮಗಳಡಿ 'ವಿಂಟೇಜ್' ವಾಹನವೆಂದು ನೋಂದಾಯಿಸಬಯಸುವವರು ಹೆಚ್ಚಿನ ಎಚ್ಚರ ವಹಿಸಬೇಕು. ವಾಹನವು ಮೂಲ ರೂಪದಲ್ಲಿಯೇ ಇರಬೇಕು. ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಆಕ್ಸಲ್ ಕೂರಿಸಲು ಚಾಸಿಸ್ ಕತ್ತರಿಸಿ ಬೆಸೆದ ವಾಹನಕ್ಕೆ ಈ ಸೌಲಭ್ಯ ಕೈತಪ್ಪಬಹುದು.

ರಸೀದಿಯ ಮಹತ್ವ

ಗುಜರಿ ಅಂಗಡಿಯಿಂದ ದಿನಾಂಕ, ಮಾರಾಟಗಾರರ ಹೆಸರು, ವಿಳಾಸ ಹಾಗೂ ಭಾಗದ ವಿವರವುಳ್ಳ ರಸೀದಿಯನ್ನು ಕಡ್ಡಾಯವಾಗಿ ಪಡೆಯತಕ್ಕದ್ದು. ಯಾವ ವಾಹನದಿಂದ ತೆಗೆದದ್ದು ಎಂಬುದು ತಿಳಿದಿದ್ದಲ್ಲಿ ಆ ವಾಹನದ ನೋಂದಣಿ ಸಂಖ್ಯೆಯನ್ನೂ ಬರೆಸಿಕೊಳ್ಳುವುದು ಒಳಿತು. ಕಳವಿನ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ ಅಪರಾಧವಾಗಿರುತ್ತದೆ. ರಸೀದಿ ಇಲ್ಲದ ಅಗ್ಗದ ಆಕ್ಸಲ್ ಕೊನೆಗೆ ದುಬಾರಿಯಾಗಬಹುದು.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

1. ಖರೀದಿಗೆ ಮುನ್ನ ನೋಂದಣಿ ಪತ್ರದ ವಿವರಗಳನ್ನು ಓದಿ, ಮೂಲ ಆಕ್ಸಲ್‌ನ ಅಳತೆ ಹಾಗೂ ಅನುಪಾತವನ್ನು ಬರೆದಿಟ್ಟುಕೊಳ್ಳುವುದು.
2. ಅದೇ ಮಾದರಿಯ ಆಕ್ಸಲ್ ದೊರೆಯದಿದ್ದಲ್ಲಿ, ಹಣ ಪಾವತಿಸುವ ಮೊದಲೇ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ ಅಭಿಪ್ರಾಯ ಪಡೆಯುವುದು.
3. ಅನುಮತಿ ಪಡೆದು ಮಾರ್ಪಾಡು ಮಾಡಿದಲ್ಲಿ, 14 ದಿನಗಳೊಳಗೆ ನೋಂದಣಿ ಪತ್ರ ಹಾಗೂ ನಿಗದಿತ ಶುಲ್ಕದೊಂದಿಗೆ ವರದಿ ಮಾಡಿಕೊಳ್ಳುವುದು.
4. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆಯುವುದು. ವಿಮಾ ಕಂಪನಿಗೂ ಮಾಹಿತಿ ನೀಡುವುದು.
5. ತೆಗೆದ ಹಳೆಯ ಆಕ್ಸಲ್, ಹೊಸದಾಗಿ ತಂದ ಆಕ್ಸಲ್ ಹಾಗೂ ಹಲ್ಲುಗಳ ಎಣಿಕೆಯ ಛಾಯಾಚಿತ್ರಗಳನ್ನು ರಸೀದಿಯೊಂದಿಗೆ ಇಟ್ಟುಕೊಂಡು, ತಪಾಸಣೆಯ ವೇಳೆ ಮೋಟಾರು ವಾಹನ ನಿರೀಕ್ಷಕರಿಗೆ ಹಾಜರುಪಡಿಸುವುದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.