ಗರ್ಭಾಶಯದ ನಾರುಗಡ್ಡೆಯೂ ವೃದ್ಧಿಕಾರಕಗಳೂ

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸುತ್ತಣ ಸೀಮೆಯಲ್ಲಿ ಗರ್ಭಾಶಯವನ್ನು ಗರ್ಭಚೀಲವೆನ್ನುವರು; ಅದರಲ್ಲಿ ಹುಟ್ಟುವ ಗಂಟು ಯಾವುದಾದರೂ ‘ಗಡ್ಡೆ’ಯೇ. ಪ್ರಾಣಹಾರಿಯಾದ ಅರ್ಬುದವೂ ಗಡ್ಡೆ, ನಿರುಪದ್ರವಿಯಾದ ನಾರುಗಂಟೂ ಗಡ್ಡೆ. ಈ ಶಬ್ದಸಂಕರವು ನಿಘಂಟುಕಾರರ ತೊಡಕು ಮಾತ್ರವಲ್ಲ. ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಅನೇಕ ಲಂಬಾಣಿ ಸ್ತ್ರೀಯರು, ತಮ್ಮ ಗರ್ಭಾಶಯವನ್ನು ಅನಾವಶ್ಯಕವಾಗಿ ತೆಗೆಯಲಾಯಿತೆಂದು ದೂರಿ ಪರಿಹಾರಕ್ಕಾಗಿ ಹೋರಾಡಿದುದು ವೃತ್ತಪತ್ರಿಕೆಗಳಲ್ಲಿ ಬಂದ ಸಂಗತಿ. ಆದುದರಿಂದ ಈ ಗಡ್ಡೆಯು ಬೆಳೆಯುವ ಬಗೆಯನ್ನು ಕನ್ನಡದಲ್ಲಿ ವಿವರಿಸುವುದು ಯುಕ್ತವೆಂದು ತೋರುವುದು.

ಚರಕಸಂಹಿತೆಯು ಸ್ತ್ರೀಯರಿಗೆ ಮಾತ್ರ ಬರುವ ರಕ್ತಗುಲ್ಮವನ್ನು ಹೇಳಿ, ಅದು ಗರ್ಭವೆಂಬ ಭ್ರಾಂತಿಯನ್ನು ಹುಟ್ಟಿಸುವುದರಿಂದ ಹತ್ತು ತಿಂಗಳು ಕಳೆದ ಮೇಲೆಯೇ ಚಿಕಿತ್ಸೆ ಮಾಡತಕ್ಕದ್ದೆಂದು ವಿಧಿಸುವುದು. ಅದೇ ಇದು ಎಂದು ಕೆಲವರು ಹೇಳುವರು. ನನಗೆ ಅಷ್ಟು ಧೈರ್ಯ ಸಾಲದು.

ನಾರುಗಡ್ಡೆಯು ಗರ್ಭಾಶಯದ ಮಾಂಸಭಿತ್ತಿಯ ಒಂದೇ ಜೀವಕೋಶದಿಂದ ಮೊದಲಾಗುವುದು. ನೂರಕ್ಕೆ ಸುಮಾರು 70 ಗಡ್ಡೆಗಳಲ್ಲಿ ಮೆಡ್-12 ಎಂಬ ಜೀನು ವ್ಯತ್ಯಾಸಗೊಂಡಿರುವುದನ್ನು 2011ರಲ್ಲಿ ಫಿನ್ಲೆಂಡಿನ ಸಂಶೋಧಕರು ಕಂಡರು. ಆದರೆ ಬೀಜ ಬಿದ್ದ ಮಾತ್ರಕ್ಕೆ ಪೈರಾಗದು. ಅಂಡಾಶಯದ ಈಸ್ಟ್ರೋಜನ್ನು ಆ ಕೋಶಗಳಲ್ಲಿ ಪ್ರೊಜೆಸ್ಟರೋನಿನ ಗ್ರಾಹಕಗಳನ್ನು ಹೆಚ್ಚಿಸುವುದು. ಬಳಿಕ ಪ್ರೊಜೆಸ್ಟರೋನು ಬೆಳವಣಿಗೆಯನ್ನು ನಡೆಸುವುದು. ಇವೆರಡೂ ತಮ್ಮ ಕೆಲಸದ ಬಹುಭಾಗವನ್ನು ವೃದ್ಧಿಕಾರಕಗಳೆಂಬ ಪ್ರೋಟೀನುಗಳಿಂದ ಮಾಡಿಸುವುವು. ಕೋಶವು ಇವನ್ನು ಹೊರಸೂಸಿ, ನೆರೆಯ ಕೋಶಗಳಿಗೂ ತನಗೂ ಬೆಳೆಯುವ ಆಜ್ಞೆಯನ್ನೀಯುವುದು. ಇನ್ಸುಲಿನನ್ನು ಹೋಲುವ ಕಾರಕವೊಂದು ಕೋಶಗಳನ್ನು ಹೆಚ್ಚಿಸುವುದು. ಇನ್ನೊಂದು ರಕ್ತನಾಳಗಳನ್ನು ಬೆಳೆಯಿಸುವುದು. ಇವೆಲ್ಲಕ್ಕಿಂತ ಗಮನಾರ್ಹವಾದುದು ಟಿಜಿಎಫ್-ಬೀಟಾ, ಅದರಲ್ಲಿಯೂ ಅದರ 3ನೆಯ ರೂಪ. ಇದರ ಪ್ರೇರಣೆಯಿಂದ ಕೊಲ್ಯಾಜನ್ ಮೊದಲಾದ ನಾರುದ್ರವ್ಯಗಳು ಮಿತಿಮೀರಿ ಸಂಚಯವಾಗುವುವು. ಗಡ್ಡೆಯ ಗಾತ್ರವೂ ಕಾಠಿಣ್ಯವೂ ಬಹುಮಟ್ಟಿಗೆ ಈ ನಾರಿನವು. ಅಷ್ಟೇ ಅಲ್ಲ, ಆ ನಾರಿನ ಜಾಲವೇ ನಮ್ಮ ಕಡೆಯ ಜೋಳದ ಹಗೇವಿನಂತೆ ವೃದ್ಧಿಕಾರಕಗಳನ್ನು ಕೂಡಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದು. ನಾರು ಕಾರಕವನ್ನೂ ಕಾರಕ ನಾರನ್ನೂ ಪೋಷಿಸುವುವು. ಗಡ್ಡೆಯಿಂದ ಹೊರಸೂಸುವ ಇದೇ ಕಾರಕವು ಗರ್ಭಾಶಯದ ಒಳಪೊರೆಯಲ್ಲಿ ರಕ್ತವನ್ನು ತಡೆಯುವ ಕೆಲವು ದ್ರವ್ಯಗಳನ್ನು ತಗ್ಗಿಸುವುದಾಗಿಯೂ ಕಂಡಿದೆ. ಮುಟ್ಟಿನ ಅತಿಸ್ರಾವಕ್ಕೆ ಇದೂ ಒಂದು ಕಾರಣ.

ಮುಟ್ಟು ನಿಂತು ಹಾರ್ಮೋನುಗಳು ಇಳಿದ ಮೇಲೆ ಗಡ್ಡೆಯು ಸಾಮಾನ್ಯವಾಗಿ ಕುಗ್ಗುವುದು. ಅದರಲ್ಲಿ ಅರ್ಬುದವು ಕಾಣುವುದು ಅತಿ ವಿರಳ. ಬಾಧೆಯಿಲ್ಲದಿದ್ದರೆ ಆಗಾಗ ಪರೀಕ್ಷಿಸುತ್ತಿದ್ದರೆ ಸಾಕು. ಬಾಧೆಯಿದ್ದರೆ ಔಷಧಿಯುಂಟು, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಯೂ ಉಂಟು. ‘ಗಡ್ಡೆ’ಯೆಂಬ ಒಂದು ಮಾತಿಗೆ ಅಂಜಿ ಒಪ್ಪಿಗೆಯ ಹೆಬ್ಬೆಟ್ಟನ್ನೊತ್ತುವ ಸ್ತ್ರೀಗೆ ಇದನ್ನು ಹೇಳುವವರಾರು? ಪಠ್ಯಕಾರರು ಇದನ್ನು ‘ನಾರುಗಡ್ಡೆ’ಯೆಂದೂ ಕ್ಯಾನ್ಸರನ್ನು ‘ಅರ್ಬುದ’ವೆಂದೂ ತಪ್ಪದೆ ಬೇರ್ಪಡಿಸಿ ಬರೆಯತಕ್ಕದ್ದು. ಅನಾವಶ್ಯಕ ಗರ್ಭಾಶಯಛೇದನವನ್ನು ತಡೆಯಲು ಕೇಂದ್ರ ಸರಕಾರವು 2022ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು; ಅವನ್ನು ಮೂರು ತಿಂಗಳೊಳಗಾಗಿ ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆಜ್ಞಾಪಿಸಿತು.